ಗುಳಿಗೆ ಬಿಟ್ಟ ಎರಡು ತಿಂಗಳು

ಆಪರೇಷನ್ ಆಗಿ ಎಂಟು ತಿಂಗಳಿಗೆ ನನ್ನ ಬೆರಳುಗಳು ಮಡಚಲು ಒಲ್ಲೆ ಎಂದವು. ಒಂದೇ ದಿನದಲ್ಲಿ ಆದದ್ದಲ್ಲ. ಮೊದಲು ಎಡಗೈ ಹೆಬ್ಬೆರಳಿನ ಬುಡದಲ್ಲಿ ಚುಚ್ಚಿದಂತಾಗುತ್ತಿತ್ತು. ಆಮೇಲೆ ಅದು ಉಳಿದ ಬೆರಳುಗಳ ಗೆಣ್ಣುಗಳಿಗೆ ಹಬ್ಬಿತು, ಬಲಗೈಗೂ ಬಂತು, ಕಡೆಗೆ ಮೊಣಕಾಲಿಗೂ ಇಳಿಯಿತು. ಬೆಳಿಗ್ಗೆ ಎದ್ದು ಹೊದಿಕೆ ಮಡಚಬೇಕೆಂದರೆ ಹಲ್ಲು ಕಚ್ಚಿ ಹಿಡಿಯಬೇಕು. ರೊಟ್ಟಿ ಬಡಿಯಲು ಕೂತರೆ ಅಂಗೈ ಅಗಲವಾಗುತ್ತಿರಲಿಲ್ಲ. ರೊಟ್ಟಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ಹರಕು. ಶಾಲೆಯಲ್ಲಿ ಕರಿಹಲಗೆಯ ಮುಂದೆ ಸೀಮೆಸುಣ್ಣದ ಖಡು ಹಿಡಿದು ನಿಂತರೆ, ಪದ ಅರ್ಧ ಬರೆಯುವಷ್ಟರಲ್ಲಿ ಖಡು ಕೆಳಗೆ. ಹುಡುಗಿಯರು ಎತ್ತಿಕೊಡಲು ಓಡಿ ಬರುತ್ತಿದ್ದರು, ನಾನು ಅವರ ಮೇಲೆಯೇ ಹರಿಹಾಯುತ್ತಿದ್ದೆ. ಎತ್ತಿಕೊಟ್ಟವರ ಮೇಲೆ ಸಿಟ್ಟು ಮಾಡುವುದೆಂದರೆ ಎಂಥ ಬುದ್ಧಿ ನೋಡಿ! ಏನು ಮಾಡಲಿ, ಆಗ ನನ್ನ ಸಿಟ್ಟಿಗೆ ಬೇರೆ ಯಾರೂ ಸಿಗುತ್ತಿರಲಿಲ್ಲ.

ಇದು ಎಂಬತ್ತರ ದಶಕದ ನಡುವಿನ ಮಾತು. ಇಳಕಲ್ಲಿನ ನೇಕಾರರ ಓಣಿಯಲ್ಲಿ ನಮ್ಮ ಮನೆ. ನಾವು ನೇಕಾರರಲ್ಲ, ಆದರೂ ಮಗ್ಗದ ಸದ್ದು ನಿಂತ ದಿನ ನಮಗೂ ತಲೆ ಭಣಭಣ ಎನ್ನುತ್ತಿತ್ತು. ನಾನು ಹೆಣ್ಣುಮಕ್ಕಳ ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದೆ, ಓಣಿಗೆಲ್ಲ ಅಕ್ಕೋರು. ನಮ್ಮ ಮನೆಯವರು ಹುನಗುಂದದ ಕಚೇರಿಯೊಂದರಲ್ಲಿ ಗುಮಾಸ್ತರು, ದಿನಾ ಬಸ್ಸಿನಲ್ಲಿ ಹೋಗಿ ಬರುವವರು. ನಮಗೆ ಮಕ್ಕಳಾಗಲಿಲ್ಲ. ಮನೆಯಲ್ಲಿ ಮೂರನೆಯವರೆಂದರೆ ಅತ್ತೆ. ಕೆರೂರ ಕಡೆಯ ಹೆಣ್ಣುಮಗಳು, ಎಪ್ಪತ್ತರ ಹತ್ತಿರ ವಯಸ್ಸು, ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಇಪ್ಪತ್ತು ವರ್ಷದಲ್ಲಿ ಅವರೂ ನಾನೂ ಒಂದು ಸಣ್ಣ ಜಗಳವಾದರೂ ಆಡದೆ ಉಂಡ ದಿನ ನನಗೆ ನೆನಪಿಲ್ಲ.

ಎಡ ಎದೆಯಲ್ಲಿ ಗಂಟು ಸಿಕ್ಕಿದ್ದು, ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಹೋದದ್ದು, ಎದೆಯನ್ನು ಪೂರ್ತಿ ತೆಗೆದದ್ದು, ಆಮೇಲೆ ಆ ಜಾಗಕ್ಕೆ ವಾರಗಟ್ಟಲೆ ವಿಕಿರಣದ ಕರೆಂಟು ಕೊಟ್ಟದ್ದು, ಅದನ್ನೆಲ್ಲ ಬಿಡಿಸಿ ಹೇಳುವ ಮನಸ್ಸು ನನಗೆ ಇಂದಿಗೂ ಇಲ್ಲ. ಮನೆಯಲ್ಲಿ ಯಾರೂ ಆ ರೋಗದ ಹೆಸರು ಎತ್ತುತ್ತಿರಲಿಲ್ಲ. ಅತ್ತೆಯ ಬಾಯಲ್ಲಿ ಅದು ‘ಆ ಜಡ್ಡು’. ಮನೆಗೆ ಕಳಿಸುವಾಗ ಹುಬ್ಬಳ್ಳಿಯ ಡಾಕ್ಟರು ಒಂದು ಬಿಳಿ ಗುಳಿಗೆ ಬರೆದುಕೊಟ್ಟಿದ್ದರು. ಹೆಂಗಸರ ಮೈಯಲ್ಲಿರುವ ಹಾರ್ಮೋನು ಆ ರೋಗಕ್ಕೆ ಅನ್ನ ಹಾಕುತ್ತದಂತೆ, ಗುಳಿಗೆ ಅದಕ್ಕೆ ಅಡ್ಡ ನಿಲ್ಲುತ್ತದಂತೆ.

"ಮುಂಜಾನಿ ಒಂದು, ಸಂಜಿಗೆ ಒಂದು. ಎರಡು ವರ್ಷ ತಗೋಬೇಕ್ರಿ," ಎಂದಿದ್ದರು ಅವರು. "ಒಂದ ದಿನಾ ಸೈತ ಬಿಡಬ್ಯಾಡ್ರಿ. ಜಡ್ಡು ಹೊಳ್ಳಿ ಬರಬಾರದು ಅಂದ್ರ ನಿಮ್ಮ ಕೈಯಾಗ ಇರೋದು ಇದೊಂದ."

ಆ ಗುಳಿಗೆ ನಮ್ಮ ಊರಲ್ಲಿ ಸಿಗುತ್ತಿರಲಿಲ್ಲ. ನಮ್ಮ ಮನೆಯವರು ತಿಂಗಳಿಗೊಮ್ಮೆ ರಜೆ ಹಾಕಿ ಹುಬ್ಬಳ್ಳಿಗೆ ಹೋಗಿ ತರುತ್ತಿದ್ದರು. ಮನೆಗೆ ಬಂದು ಚೀಲದಿಂದ ಮೊದಲು ತೆಗೆಯುತ್ತಿದ್ದುದೇ ಅದನ್ನು.

ನೋವು ಬಂದ ಮೇಲೆ ನನಗೆ ಎಲ್ಲಕ್ಕಿಂತ ನಾಚಿಕೆ ತಂದದ್ದು ಕುಬಸ. ಆಗ ನಾನು ಮುಂದೆ ಗಂಟು ಹಾಕುವ ಖಣದ ಕುಬಸ ತೊಡುತ್ತಿದ್ದೆ. ಒಂದು ಬೆಳಿಗ್ಗೆ ಆ ಎರಡು ತುದಿಗಳನ್ನು ಹಿಡಿದು ಎಷ್ಟು ಹೊತ್ತು ಒದ್ದಾಡಿದರೂ ಗಂಟು ಬೀಳಲಿಲ್ಲ. ಶಾಲೆಗೆ ಹೊತ್ತಾಗಿತ್ತು. ಗೋಡೆಗೆ ಒರಗಿ ಅಳುತ್ತ ಕೂತುಬಿಟ್ಟೆ. ಅತ್ತೆ ಒಳಗೆ ಬಂದರು. ಆಪರೇಷನ್ ಆದ ಮೇಲೆ ನನ್ನ ಎದೆಯನ್ನು ಅವರು ನೋಡಿರಲೇ ಇಲ್ಲ, ನಾನು ನೋಡಗೊಟ್ಟಿರಲಿಲ್ಲ. ಅವರು ಆ ಕಲೆಯನ್ನು ಒಂದು ಸಲ ನೋಡಿದರು.

"ಇಷ್ಟಕ್ಕ ಅಳತಾರೇನ ತಂಗಿ? ತಾ ಇಲ್ಲಿ," ಎಂದು ಉಸಿರು ಕಟ್ಟುವ ಹಾಗೆ ಬಿಗಿಯಾಗಿ ಗಂಟು ಹಾಕಿದರು. ಅಂದಿನಿಂದ ಅದು ದಿನಾ ಅವರದೇ ಕೆಲಸವಾಯಿತು. ಗಂಟು ಹಾಕುತ್ತ ನನ್ನನ್ನು ಯಾವುದಕ್ಕಾದರೂ ಬೈಯುತ್ತಿದ್ದರು. ಅವರು ಬೈಯುತ್ತಿದ್ದುದು ನನಗೆ ಒಳ್ಳೆಯದೇ ಆಯಿತು. ಸುಮ್ಮನೆ ಹಾಕಿದ್ದರೆ ನಾನು ಸತ್ತೇ ಹೋಗುತ್ತಿದ್ದೆ.

ಓಣಿಯ ಹೆಂಗಸರು ವಾಯು ಎಂದರು, ತಂಪು ಹೊಡೆದಿದೆ ಎಂದರು, ಮುಟ್ಟು ನಿಂತವರಿಗೆ ಹೀಗಾಗುತ್ತದೆ ಎಂದರು. ಕಡೆಗೆ ನಮ್ಮ ಮನೆಯವರು ನನ್ನನ್ನು ಬಾಗಲಕೋಟೆಯ ಡಾಕ್ಟರ ಹತ್ತಿರ ಕರೆದೊಯ್ದರು. ಹುಬ್ಬಳ್ಳಿಯವರು ನನ್ನ ಕಾಗದಪತ್ರವನ್ನೆಲ್ಲ ಅವರಿಗೆ ಕಳಿಸಿ, ನಡುವೆ ಏನಾದರೂ ಬಂದರೆ ತೋರಿಸಲು ಹೇಳಿದ್ದರು. ಅವರು ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿ, "ಇದು ಆ ಗುಳಿಗಿದ ಪ್ರಭಾವರಿ ಅಕ್ಕಾರ," ಎಂದರು. "ಕೆಲವರಿಗೆ ಹಿಂಗ ಕೀಲು ಹಿಡೀತಾವು. ಹಂಗಂತ ಗುಳಿಗಿ ಬಿಡಾಂಗಿಲ್ಲ. ಬಿಸಿನೀರಾಗ ಕೈ ಇಡ್ರಿ, ಮುಷ್ಟಿ ಮಾಡಿ ಬಿಚ್ಚಿ ಮಾಡ್ರಿ, ನಡೀರಿ. ನೋವಿನ ಗುಳಿಗಿ ಬ್ಯಾರೆ ಬರಕೊಡ್ತೇನಿ."

ಅವರು ಐದಾರು ಮಾತು ಹೇಳಿದರು, ನನಗೆ ಕೇಳಿಸಿದ್ದು ಮೊದಲನೆಯದು ಮಾತ್ರ. ಆ ಗುಳಿಗೆಯದು! ಬಸ್ಸಿನಲ್ಲಿ ಮರಳಿ ಬರುವಾಗ ಅದನ್ನೇ ಮನಸ್ಸಿನಲ್ಲಿ ತಿರುಗಿಸುತ್ತ ಕೂತೆ. ಎದೆ ಕೊಟ್ಟೆ. ಕೂದಲು ಅರ್ಧ ಉದುರಿತು. ಮೈ ಹೊತ್ತಲ್ಲದ ಹೊತ್ತಿನಲ್ಲಿ ಉರಿದು ಬೆವರುತ್ತಿತ್ತು. ಈಗ ಕೈಯೂ ಬೇಕಂತೆ ಇದಕ್ಕೆ. ಅಮೀನಗಡ ದಾಟುವಷ್ಟರಲ್ಲಿ ನನ್ನ ಮೈಯೆಲ್ಲ ಸಿಟ್ಟಿನಿಂದ ಉರಿಯುತ್ತಿತ್ತು.

ಬಿಸಿನೀರು, ಮುಷ್ಟಿ, ಎಲ್ಲವನ್ನೂ ನಾಲ್ಕು ದಿನ ಮಾಡಿದೆ, ಐದನೆಯ ದಿನ ಬಿಟ್ಟೆ. ಅತ್ತೆ ಮಾತ್ರ ಸುಮ್ಮನೆ ಕೂರುವವರಲ್ಲ. ಬಾದಾಮಿಯಲ್ಲಿದ್ದ ತಮ್ಮ ಅಕ್ಕನಿಂದ ಒಂದು ಎಣ್ಣೆಯ ಪಾಕ ಕೇಳಿಕೊಂಡು ಬಂದರು. ಕುಸುಬಿ ಎಣ್ಣೆಯಲ್ಲಿ ಬೆಳ್ಳುಳ್ಳಿ, ಅಜವಾನ, ಲಕ್ಕಿ ಸೊಪ್ಪು ಹಾಕಿ ಕರ್ರಗಾಗುವ ತನಕ ಕುದಿಸಬೇಕು. ಕುದಿಸಿದ ದಿನ ಮನೆಯೊಳಗೆ ನಿಲ್ಲಲಾಗಲಿಲ್ಲ. ದಿನಾ ಸಂಜೆ ನನ್ನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನು ತಿಕ್ಕುತ್ತಿದ್ದರು. ನೋವೇನೂ ಹೋಗಲಿಲ್ಲ, ತಿಕ್ಕುವಷ್ಟು ಹೊತ್ತು ಹಿತವಾಗಿರುತ್ತಿತ್ತು ಅಷ್ಟೇ.

ಇಷ್ಟರಲ್ಲಿ ಆಗಬಾರದ್ದು ಆಯಿತು. ನಮ್ಮಲ್ಲಿ ಸ್ನಾನವಾದ ಮೇಲೆ ಕೊರಳಲ್ಲಿರುವ ಇಷ್ಟಲಿಂಗವನ್ನು ಕರಡಿಗೆಯಿಂದ ತೆಗೆದು, ಎಡ ಅಂಗೈಯಲ್ಲಿಟ್ಟು ಪೂಜಿಸುತ್ತೇವೆ. ಪೂಜೆಯಾಗುವ ತನಕ ಬಾಯಿಗೆ ಒಂದು ಹನಿ ನೀರೂ ಇಲ್ಲ. ಅಂಗೈ ಬಟ್ಟಲಿನಂತೆ ತಗ್ಗಾಗಬೇಕು, ಬೆರಳುಗಳು ಸುತ್ತ ಕಾವಲು ನಿಲ್ಲಬೇಕು. ನನಗೆ ಆಪರೇಷನ್ ಆದದ್ದೂ ಎಡಕ್ಕೆ, ಅದರಿಂದ ತೋಳು ಬಾತದ್ದೂ ಎಡಕ್ಕೆ, ಬೆರಳು ಹೆಚ್ಚು ಸೆಟೆದದ್ದೂ ಎಡಗೈಯವೇ. ದಿನಾ ಪೂಜೆಗೆ ಕೂತಾಗ ದೇವರ ಧ್ಯಾನ ಎಲ್ಲಿಂದ ಬರಬೇಕು? ಬಿದ್ದೀತು, ಈಗ ಬಿದ್ದೀತು ಎಂಬುದೊಂದೇ ಧ್ಯಾನ.

ಲಿಂಗ ನೆಲಕ್ಕೆ ಬೀಳುವುದೆಂದರೆ ಏನೆಂದು ಹೊರಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ಅತ್ತೆಯ ತವರಿನಲ್ಲಿ ಒಬ್ಬ ಮುದುಕಿ ಹೊಳೆಯಲ್ಲಿ ಸ್ನಾನ ಮಾಡುವಾಗ ಲಿಂಗ ಕಳಚಿಬಿದ್ದು ನೀರು ಪಾಲಾಯಿತಂತೆ. ಆಕೆ ಮನೆಗೆ ಬಂದು, ಕಂಬಕ್ಕೆ ಒರಗಿ ಕೂತು, ಅನ್ನ ನೀರು ಬಿಟ್ಟು ಅಲ್ಲಿಯೇ ಪ್ರಾಣ ಬಿಟ್ಟಳಂತೆ. ಈ ಕಥೆಯನ್ನು ಅತ್ತೆ ವರ್ಷಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದರು, ಹೇಳಿದಾಗಲೆಲ್ಲ ಬಲು ಹೆಮ್ಮೆಯಿಂದ. "ಲಿಂಗ ಕೈಬಿಟ್ಟ ಮ್ಯಾಲೆ ಬಾಳ್ವೆರೆ ಏನೈತಿ?" ಎಂದು ಕಣ್ಣು ಒರೆಸಿಕೊಳ್ಳುತ್ತಿದ್ದರು.

ಶ್ರಾವಣದ ಒಂದು ಸೋಮವಾರ. ಅತ್ತೆ ಬಿಲ್ವಪತ್ರಿ ತರಲು ಹಿತ್ತಲಿಗೆ ಹೋಗಿದ್ದರು. ನಾನು ಲಿಂಗಕ್ಕೆ ನೀರು ಹಾಕಿ ವಿಭೂತಿ ತೆಗೆದುಕೊಳ್ಳಲು ಬಲಗೈ ಚಾಚಿದೆ. ಎಡಗೈ ಹೆಬ್ಬೆರಳಲ್ಲಿ ಸೂಜಿ ಹೊಕ್ಕಂತಾಯಿತು, ಅಂಗೈ ತಾನಾಗಿ ಓರೆಯಾಯಿತು. ಲಿಂಗ ನನ್ನ ಮೊಣಕಾಲಿಗೆ ಬಡಿದು ಕಲ್ಲಿನ ನೆಲಕ್ಕೆ ಬಿತ್ತು. ಟಣ್ ಎಂದಿತು. ಎತ್ತಿಕೊಂಡು ತಿರುವಿ ತಿರುವಿ ನೋಡಿದೆ, ಬಿರುಕು ಬಿಟ್ಟಿರಲಿಲ್ಲ. ಅತ್ತೆಯ ಹೆಜ್ಜೆ ಕೇಳಿಸಿತು. ಮತ್ತೆ ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದೆ.

"ಇವತ್ತ ಏನ ಭಕ್ತಿ ಉಕ್ಕೇತಿ, ಕಣ್ಣಾಗ ನೀರು!" ಎಂದು ಅತ್ತೆ ಪತ್ರಿಯ ಬುಟ್ಟಿ ಇಟ್ಟರು.

ನಾನು ಹೇಳಲಿಲ್ಲ. ಹೇಳಿದ್ದರೆ ಅವರು ಊಟ ಬಿಡುತ್ತಿದ್ದರು, ಮಠಕ್ಕೆ ಹೇಳಿಕಳಿಸುತ್ತಿದ್ದರು, ಓಣಿಗೆಲ್ಲ ಗೊತ್ತಾಗುತ್ತಿತ್ತು. ಆ ಜಡ್ಡಿನವಳ ಕೈಯಿಂದ ಲಿಂಗವೂ ಜಾರಿತಂತೆ ಎಂದು ಜನ ಆಡಿಕೊಳ್ಳುವುದು ನನ್ನ ಕಿವಿಗೆ ಆಗಲೇ ಕೇಳಿಸುತ್ತಿತ್ತು. ಪೂಜೆ ಮುಗಿದ ಮೇಲೆ ದಿನಾ ತೆಗೆದುಕೊಳ್ಳುತ್ತಿದ್ದ ಬಿಳಿ ಗುಳಿಗೆಯನ್ನು ಅಂದು ಬಾಯಿಯ ತನಕ ಒಯ್ದೆ. ಅಲ್ಲಿಂದ ಕೈ ಹಿಂದಕ್ಕೆ ಬಂತು. ಹೋಗು ಅತ್ತ, ನೀನೂ ಬೇಡ, ನಿನ್ನ ಉಪಕಾರವೂ ಬೇಡ ಎಂದುಕೊಂಡೆ. ಬಟ್ಟೆಯ ಟ್ರಂಕಿನ ಮೇಲೆ ಒಂದು ಖಾಲಿ ಪೌಡರ್ ಡಬ್ಬಿ ಇತ್ತು, ಅದರ ಮುಚ್ಚಳ ತೆಗೆದು ಗುಳಿಗೆ ಹಾಕಿದೆ. ಸಂಜೆಯದನ್ನೂ ಹಾಕಿದೆ. ಪಟ್ಟಿಯಲ್ಲಿನ ಗುಳಿಗೆ ಲೆಕ್ಕಕ್ಕೆ ಸರಿಯಾಗಿ ಖಾಲಿಯಾಗುತ್ತಿತ್ತು, ನಮ್ಮ ಮನೆಯವರು ಪಾಪ ಹುಬ್ಬಳ್ಳಿಗೆ ಹೋಗಿ ಹೊಸದು ತರುತ್ತಲೇ ಇದ್ದರು.

ಮೂರನೆಯ ವಾರಕ್ಕೆ ಹೆಬ್ಬೆರಳು ಮಡಚಿತು. ತಿಂಗಳಾಗುವಷ್ಟರಲ್ಲಿ ರೊಟ್ಟಿ ದುಂಡಗಾಯಿತು. ಶಾಲೆಯಲ್ಲಿ ಹಲಗೆಯ ತುಂಬ ಪದ್ಯ ಬರೆದು ನಾನೇ ನಿಂತು ನೋಡಿದೆ. ಪೂಜೆಗೆ ಕೂತರೆ ಲಿಂಗ ಅಂಗೈಯಲ್ಲಿ ಅಲುಗದೆ ಕೂರುತ್ತಿತ್ತು. ಎಷ್ಟು ಸಂತೋಷವಾಯಿತೆಂದರೆ ಅದನ್ನು ಯಾರಿಗೂ ಹೇಳಲಾಗದ ಸಂಕಟವೂ ಅಷ್ಟೇ ಆಯಿತು.

ಹೆಸರು ಬಂದದ್ದು ಎಣ್ಣೆಗೆ! ಅತ್ತೆಯ ಎಣ್ಣೆ ಓಣಿಯಲ್ಲಿ ಮನೆಮಾತಾಯಿತು. ಮಗ್ಗದ ಕುಣಿಯಲ್ಲಿ ಕೂತು ಕಾಲು ಹಿಡಿದುಕೊಂಡವರು, ಸೊಂಟ ಹಿಡಿದ ಮುದುಕಿಯರು, ಎಲ್ಲರೂ ಬಾಟಲಿ ಹಿಡಿದುಕೊಂಡು ಬರತೊಡಗಿದರು. ಬಂದವರಿಗೆಲ್ಲ ನನ್ನ ಕೈಯ ಪ್ರದರ್ಶನ.

"ಮಡಚಿ ತೋರ್ಸ ತಂಗಿ. ನೋಡ್ರೆವಾ, ಖಡು ಹಿಡಿಯಾಕ ಬರ್ತಿದ್ದಿಲ್ಲ ಈಕಿಗೆ!" ಎನ್ನುತ್ತಿದ್ದರು ಅತ್ತೆ. ನಾನು ಮಡಚಿ ತೋರಿಸುತ್ತಿದ್ದೆ. ಮೊದಮೊದಲು ಒಳಗೊಳಗೆ ನಗು ಬರುತ್ತಿತ್ತು.

ಆಮೇಲೆ ನಗು ನಿಂತಿತು. ಸ್ನಾನದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಎದೆಯ ಕಲೆಯನ್ನು ಮುಟ್ಟಿ ಮುಟ್ಟಿ ನೋಡುವ ಚಟ ಹಿಡಿಯಿತು. ಜಡ್ಡು ಹೊಳ್ಳಿ ಬರಬಾರದು ಅಂದ್ರ ಇದೊಂದ, ಎಂದ ಡಾಕ್ಟರ ಮಾತು ನೀರು ಹಾಕಿಕೊಳ್ಳುವಾಗಲೇ ನೆನಪಾಗುತ್ತಿತ್ತು. ನಾಳೆಯಿಂದ ತೆಗೆದುಕೊಳ್ಳುತ್ತೇನೆ ಎಂದುಕೊಳ್ಳುತ್ತಿದ್ದೆ. ಬೆಳಗಾದರೆ ಅಂಗೈಯಲ್ಲಿ ಲಿಂಗ ಗಟ್ಟಿಯಾಗಿ ಕೂತದ್ದನ್ನು ನೋಡಿ, ಇನ್ನೊಂದು ದಿನ ಹೋಗಲಿ ಎನ್ನುತ್ತಿದ್ದೆ. ಹೀಗೆ ಎರಡು ತಿಂಗಳಾದವು. ಒಂದು ದಿನ ಕಂಕುಳ ಹತ್ತಿರ, ಹೊಲಿಗೆಯ ಕೊನೆಯಲ್ಲಿ, ಕಡಲೆಕಾಳಿನಷ್ಟು ದೊಡ್ಡದೊಂದು ಗಂಟು ಕೈಗೆ ಹತ್ತಿತು. ಒತ್ತಿದರೆ ಜರುಗಲಿಲ್ಲ. ತಂಬಿಗೆ ಕೈಯಿಂದ ಬಿತ್ತು.

"ಏನ ಬಿತ್ತ ಅದು?" ಎಂದು ಹೊರಗಿನಿಂದ ಅತ್ತೆ ಕೂಗಿದರು.

"ಏನಿಲ್ಲರಿ, ತಂಬಿಗಿ," ಎಂದೆ.

ಎರಡು ದಿನ ಬಾಯಿ ಬಿಡಲಿಲ್ಲ. ಮೂರನೆಯ ದಿನ ನಮ್ಮ ಮನೆಯವರು ಕಚೇರಿಗೆ ಹೊರಟಿದ್ದಾಗ ಬಾಗಿಲಲ್ಲಿ ನಿಲ್ಲಿಸಿ, ಗಂಟಿನ ಮಾತು ಮಾತ್ರ ಹೇಳಿದೆ. ಗುಳಿಗೆಯ ಮಾತು ಹೇಳಲು ನಾಲಗೆ ಏಳಲಿಲ್ಲ. ಅವರು ಚೀಲ ಕೆಳಗಿಟ್ಟರು, ಚಪ್ಪಲಿ ಬಿಚ್ಚಿದರು, ಮತ್ತೆ ಮೆಟ್ಟಿದರು. "ನಡಿ, ಈಗ ಹೋಗೂಣು," ಎಂದರು. ಅತ್ತೆ ಒಳಗಿನಿಂದ ಸೆರಗು ಹೊದ್ದುಕೊಂಡು ಬಂದು ನಿಂತರು. ಒಳಗೆ ಪರೀಕ್ಷೆ ಮಾಡುವಾಗ ಹೆಣ್ಣುಮಗಳೊಬ್ಬಳು ಜೊತೆಗಿರಬೇಕೆಂದು ಅವರ ಹಟ. ಹುನಗುಂದ ದಾಟಿ ಬಾಗಲಕೋಟೆ ಮುಟ್ಟುವ ತನಕ ಬಸ್ಸಿನಲ್ಲಿ ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ. ಅತ್ತೆ ಬಾಯಲ್ಲೇ ಓಂ ನಮಃ ಶಿವಾಯ ಎನ್ನುತ್ತಿದ್ದರು. ಅವರ ಬಾಯಿ ಅಷ್ಟು ಹೊತ್ತು ಬೇರೆ ಮಾತಿಲ್ಲದೆ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಮ್ಮ ಮನೆಯವರು ಹೊರಗೆ ಬೆಂಚಿನ ಮೇಲೆ ಕೂತರು. ಒಳಗೆ ಡಾಕ್ಟರು ಗಂಟನ್ನು ಒತ್ತಿ ನೋಡಿ, ಕೈ ತೊಳೆದುಕೊಂಡು ಬಂದು ಕೂತರು.

"ಗುಳಿಗಿ ಬರೊಬ್ಬರಿ ತಗೋತೀರಿಲ್ಲೋ ಅಕ್ಕಾರ?"

"ಹೂಂ," ಎಂದೆ.

"ಕೈ ತೋರಸ್ರಿ." ಅವರು ನನ್ನ ಬೆರಳುಗಳನ್ನು ಮಡಚಿದರು, ಬಿಚ್ಚಿದರು. "ಅರೆ! ಇವು ಭಾಳ ಸುಧಾರ್ಸ್ಯಾವಲ್ಲ. ಏನ ಮಾಡಿದ್ರಿ?"

ಈಗ ಅತ್ತೆ ಎಣ್ಣೆಯ ಪುರಾಣ ತೆಗೆಯುತ್ತಾರೆ ಎಂದು ನಾನು ಕಾದೆ. ಡಾಕ್ಟರ ಎದುರಿಗೆ ಹೇಳಿಕೊಳ್ಳಲು ಇದಕ್ಕಿಂತ ಒಳ್ಳೆಯ ಹೊತ್ತು ಇನ್ಯಾವುದು ಸಿಗಬೇಕು? ಅತ್ತೆ ತುಟಿ ಪಿಟಕ್ಕೆನ್ನಲಿಲ್ಲ. ನೆಲ ನೋಡುತ್ತ ಕೂತಿದ್ದರು. ಆ ಮೌನ ನನಗೆ ತಡೆಯಲಾಗಲಿಲ್ಲ.

"ಬಿಟ್ಟೇನ್ರಿ," ಎಂದೆ. "ಗುಳಿಗಿ ಬಿಟ್ಟು ಎರಡು ತಿಂಗಳಾತ್ರಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಯಾಕ?"

ಅತ್ತೆಯ ಮುಖ ನೋಡದೆ ಹೇಳಿದೆ. ಲಿಂಗ ಬಿದ್ದದ್ದು, ಟಣ್ ಎಂದದ್ದು, ಎತ್ತಿಕೊಂಡು ಸುಮ್ಮನಾದದ್ದು, ಎಲ್ಲವನ್ನೂ. ಹೇಳುತ್ತ ಹೇಳುತ್ತ ನನಗೇ ಸಿಟ್ಟು ಬಂತು. "ಕೈಯಾಗ ಲಿಂಗ ನಿಲ್ಲಲಿಲ್ಲಂದ್ರ ಉಳದು ಏನ್ ಮಾಡೂದೈತ್ರಿ?" ಎಂದು ಆ ಪಾಪದ ಮನುಷ್ಯನ ಮೇಲೆ ಕೂಗಾಡಿದೆ.

ಅವರೂ ಬಿಡಲಿಲ್ಲ. "ಅಕ್ಕಾರ, ನೀವು ಸಾಲಿ ಕಲಸವ್ರು. ಕೈ ನೋವು ಅಂದ್ರ ನನ್ನ ಕಡೆ ಹೊಳ್ಳಿ ಬರಬೇಕಿತ್ತೋ ಬ್ಯಾಡೋ? ಪೂಜಿ ತಾಸು ತಡಾ ಮಾಡಿ ಮಾಡ್ರಿ ಅಂತಿದ್ದೆ. ನೋವಿನ ಗುಳಿಗಿ ಬ್ಯಾರೆ ಮಾಡಿ ಕೊಡ್ತಿದ್ದೆ. ನಾಕು ದಾರಿ ಇದ್ದೂ. ನೀವು ಹಿಡಿದದ್ದು ಒಂದ, ಅದೂ ಕಳ್ಳದಾರಿ!"

ಅಂದೇ ಮಧ್ಯಾಹ್ನ ಅಷ್ಟು ಜಾಗ ಮಾತ್ರ ಮರಗಟ್ಟುವ ಸೂಜಿ ಹಾಕಿ ಆ ಗಂಟನ್ನು ತೆಗೆದರು. ಸಣ್ಣ ಬಾಟಲಿಯಲ್ಲಿ ಹಾಕಿ ಹುಬ್ಬಳ್ಳಿಗೆ ಪರೀಕ್ಷೆಗೆ ಕಳಿಸಿದರು. "ಎಂಟು ದಿನಾ. ಏನೂ ಹೇಳಾಕ ಬರಂಗಿಲ್ಲ ಈಗ. ಗುಳಿಗಿ ಇವತ್ತ ಸಂಜಿಗೇ ಸುರು ಮಾಡ್ರಿ," ಎಂದರು. ಹೊರಗೆ ಬಂದು ನಮ್ಮ ಮನೆಯವರಿಗೂ ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ. "ನಾ ತಿಂಗಳಾ ತಿಂಗಳಾ ಹೋಗಿ ತರತಿದ್ದೆ," ಎಂದರು ಅಷ್ಟೇ. ಅದಕ್ಕಿಂತ ಎರಡು ಕಪಾಳಕ್ಕೆ ಹಾಕಿದ್ದರೆ ಚೆನ್ನಾಗಿತ್ತು.

ಎಂಟು ದಿನ ಎನ್ನುವುದು ಬಾಯಲ್ಲಿ ಹೇಳಲು ಸುಲಭ. ಶಾಲೆಯಲ್ಲಿ ಹಾಜರಿ ಕೂಗುತ್ತ ಯಾವ ಹುಡುಗಿಯ ಹೆಸರಲ್ಲಿ ನಿಂತೆನೆಂದು ಮರೆಯುತ್ತಿದ್ದೆ. ಅತ್ತೆ ಬೆಳಿಗ್ಗೆ ಬಂದು ಕುಬಸದ ಗಂಟು ಹಾಕುತ್ತಿದ್ದರು. ಬೈಗುಳ ಇಲ್ಲ, ಮಾತಿಲ್ಲ. ಬೆರಳುಗಳು ಸರಿಯಾದ ಮೇಲೂ ಆ ಗಂಟನ್ನು ಅವರೇ ಹಾಕುತ್ತಿದ್ದರು, ನಾನೂ ಬೇಡ ಎಂದಿರಲಿಲ್ಲ. ಲಿಂಗ ಬಿದ್ದ ಬಗ್ಗೆ ಒಂದೇ ಒಂದು ಮಾತು ಬರಲಿಲ್ಲ. ಅದಕ್ಕೆ ಕಾದು ಕಾದು ನನ್ನ ತಲೆ ಕೆಟ್ಟುಹೋಯಿತು. ನಾಲ್ಕನೆಯ ದಿನ ಅಡುಗೆಮನೆಯಲ್ಲಿ ನಾನೇ ಹರಿಹಾಯ್ದೆ.

"ಬೈರಿ ಅತ್ತಿ. ಬೈದು ಒಮ್ಮೆ ಮುಗಸ್ರಿ. ಹಿಂಗ ಸುಮ್ಮ ಕುಂತು ನನ್ನ ಕೊಲ್ಲಬ್ಯಾಡ್ರಿ."

ಅವರು ಎದ್ದು ಹೋಗಿ ಪೌಡರ್ ಡಬ್ಬಿ ತಂದು ನನ್ನ ಮುಂದಿಟ್ಟರು. ಅಲ್ಲಾಡಿಸಿದರೆ ಒಳಗಿನ ಗುಳಿಗೆಗಳು ಸದ್ದು ಮಾಡಿದವು.

"ಇದನ್ನ ನಾ ನೋಡಿ ತಿಂಗಳ ಮ್ಯಾಲಾತು," ಎಂದರು.

ನಾನು ಡಬ್ಬಿಯನ್ನೂ ಅವರನ್ನೂ ನೋಡಿದೆ.

"ಸೀರಿಗೆ ಚುಚ್ಚೂ ಟಾಚಣಿ ಹುಡಕಾಕ ಹೋಗಿ ಡಬ್ಬಿ ತಗದಿದ್ದೆ. ಬಿಳಿ ಗುಳಿಗಿ ನನಗ ಗೊತ್ತಿಲ್ಲೇನ? ನೀ ನುಂಗಾಂಗಿಲ್ಲ ಅನ್ನೂದು ಗೊತ್ತಾತು. ನಿನ್ನ ಕೈ ನೆಟ್ಟಗಾಗಿದ್ದು ನನ್ನ ಎಣ್ಣಿಗೆ ಅಲ್ಲ ಅನ್ನೂದೂ ಗೊತ್ತಾತು." ಅವರು ಡಬ್ಬಿಯನ್ನು ಪಕ್ಕಕ್ಕೆ ಸರಿಸಿದರು. "ಓಣಿ ಮಂದಿ ಎಲ್ಲಾ ನನ್ನ ಎಣ್ಣಿ ಎಣ್ಣಿ ಅಂತ ಬರಾಕತ್ತಿದ್ರು ತಂಗಿ. ನನ್ನ ಜಲ್ಮದಾಗ ಯಾರೂ ಹಂಗ ಬಂದಿದ್ದಿಲ್ಲ. ಇರ್ಲಿ ಬಿಡು, ಕೈ ಛಲೋ ಆಗ್ಯಾವಲ್ಲ, ಗುಳಿಗಿ ಯಾಕ ಬೇಕು ಅಂತ ಸುಮ್ಮನಾದೆ. ಮರುದಿನಾ ಸೈತ ಬಾಟ್ಲಿ ತುಂಬಿ ತುಂಬಿ ಕೊಟ್ಟೆ."

ನನಗೆ ಬಂದ ಸಿಟ್ಟನ್ನು ಇಂದು ನೆನೆಸಿಕೊಂಡರೂ ನಡುಕ ಬರುತ್ತದೆ. ನನ್ನ ತಪ್ಪು ಆ ಕ್ಷಣಕ್ಕೆ ಪೂರ್ತಿ ಮರೆತುಹೋಯಿತು. "ನಾ ಸತ್ತ ಮ್ಯಾಲೆ ಅದ ಎಣ್ಣಿ ನನ್ನ ಹೆಣಕ್ಕ ಹಚ್ರಿ!" ಎಂದುಬಿಟ್ಟೆ. ಆಡಬಾರದ ಮಾತು. ಅತ್ತೆ ಹೊಡೆತ ತಿಂದವರ ಹಾಗೆ ಕೂತಲ್ಲೇ ಕುಗ್ಗಿದರು. ನಾನು ಎದ್ದು ಶಾಲೆಗೆ ಹೊರಟೆ. ಕುಬಸದ ಗಂಟು ಸಡಿಲವಾಗಿತ್ತು, ದಾರಿಯುದ್ದಕ್ಕೂ ಸೆರಗು ಹಿಡಿದುಕೊಂಡು ನಡೆದೆ. ಸಂಜೆ ಬಂದಾಗ ಅವರು ಬೆಳಿಗ್ಗೆ ಕೂತಲ್ಲೇ ಕೂತಿದ್ದರು. ಮಧ್ಯಾಹ್ನ ಉಂಡಿರಲಿಲ್ಲ. ನಾನು ತಟ್ಟೆಗೆ ಬಡಿಸಿ ಮುಂದಿಟ್ಟೆ, ಕ್ಷಮಿಸಿ ಎನ್ನಲಿಲ್ಲ. ಅವರು ಉಂಡರು, ಅವರೂ ಅನ್ನಲಿಲ್ಲ.

ಒಂಬತ್ತನೆಯ ದಿನ ನಮ್ಮ ಮನೆಯವರು ಕಚೇರಿಗೆ ಹೋಗದೆ ನೇರ ಬಾಗಲಕೋಟೆಗೆ ಹೋದರು. ಅತ್ತೆ, ನಾನು ಪಡಸಾಲೆಯಲ್ಲಿ ಎದುರುಬದುರು ಕೂತೆವು. ಓಣಿಯ ಮಗ್ಗಗಳು ಬಡಿಯುತ್ತಲೇ ಇದ್ದವು. ನಾಲ್ಕರ ಸುಮಾರಿಗೆ ಅವರು ಬಂದರು. ಐವತ್ತರ ಮನುಷ್ಯ ಓಣಿಯ ತುದಿಯಿಂದ ಓಡುತ್ತ ಬಂದರು. ಹೊಸ್ತಿಲಲ್ಲಿ ನಿಂತು ಉಸಿರು ತೆಗೆದುಕೊಳ್ಳಲಾಗದೆ ಕೈ ಬೀಸಿದರು.

"ದಾರ... ದಾರಂತ," ಎಂದರು. "ಆಪರೇಷನ್ ಮಾಡಿದಾಗ ಒಳಗ ಹೊಲದ ದಾರ. ಅದರ ಸುತ್ತ ಗಂಟು ಕಟ್ಟಿತ್ತಂತ. ಜಡ್ಡು ಇಲ್ಲ. ಏನ ಇಲ್ಲ!"

ಅತ್ತೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಜೋರಾಗಿ ಅತ್ತರು. ನನಗೆ ಅಳು ಬರಲಿಲ್ಲ. "ಈ ಸಲಾ ದೈವ ಛಲೋ ಇತ್ತು, ಮುಂದಿನ ಸಲಾ ಇರತೈತಿ ಅಂತ ತಿಳೀಬ್ಯಾಡ್ರಿ," ಎಂದು ಡಾಕ್ಟರು ಹೇಳಿಕಳಿಸಿದ್ದರಂತೆ.

ಗುಳಿಗೆ ಮುಂದುವರಿಯಿತು, ತಿಂಗಳೊಳಗೆ ನೋವೂ ತನ್ನ ಮನೆಗೆ ಮರಳಿದಂತೆ ಮರಳಿತು. ಅದೇ ಹೆಬ್ಬೆರಳಿನ ಬುಡದಿಂದಲೇ ಸುರುವಾಯಿತು. ಈ ಸಲ ನಾನು ಡಾಕ್ಟರು ಹೇಳಿದ್ದನ್ನೆಲ್ಲ ಮಾಡಿದೆ. ಎದ್ದ ತಕ್ಷಣ ಉಪ್ಪು ಹಾಕಿದ ಬಿಸಿನೀರಲ್ಲಿ ಕೈ, ಆಮೇಲೆ ಹಳೆಯ ಬಟ್ಟೆಯ ಉಂಡೆಯನ್ನು ಹಿಂಡುವುದು, ಸಂಜೆ ಹುನಗುಂದದ ರಸ್ತೆಯಲ್ಲಿ ಒಂದು ಮೈಲಿ ನಡೆಯುವುದು. ಸಂಜೆಯ ಎಣ್ಣೆಯೂ ಇತ್ತು, ಆದರೆ ಈಗ ಅದು ಬರೀ ತಿಕ್ಕುವುದಕ್ಕೆ. ಓಣಿಯವರಿಗೆ ಬಾಟಲಿ ತುಂಬಿ ಕೊಡುವುದನ್ನು ಅತ್ತೆ ನಿಲ್ಲಿಸಿದ್ದರು. ಯಾಕೆಂದು ಕೇಳಿದವರಿಗೆ, "ನನ್ನ ಎಣ್ಣಿಯಿಂದ ಅಲ್ಲಬೇ, ಸುಳ್ಳ ಹೇಳಿದ್ದೆ," ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತಿದ್ದರು. ನೋವು ಪೂರ್ತಿ ಹೋಗಲಿಲ್ಲ. ದಿನ ತಳ್ಳಬಹುದು ಎನ್ನುವಷ್ಟಕ್ಕೆ ಬಂತು.

ಉಳಿದದ್ದು ಒಂದೇ ತೊಡಕು. ನೋವಿನ ಗುಳಿಗೆಯನ್ನು ಬೆಳಿಗ್ಗೆ ಬೇಗ ತೆಗೆದುಕೊಂಡರೆ ಪೂಜೆಯ ಹೊತ್ತಿಗೆ ಕೈ ಸಡಿಲವಾಗುತ್ತಿತ್ತು. ಆದರೆ ಅದನ್ನು ಖಾಲಿ ಹೊಟ್ಟೆಯಲ್ಲಿ ನುಂಗುವಂತಿಲ್ಲ, ಪೂಜೆಗೆ ಮೊದಲು ತಿನ್ನುವಂತಿಲ್ಲ. ಇದನ್ನು ಅತ್ತೆಯ ಮುಂದೆ ಎತ್ತುವ ಧೈರ್ಯ ನನಗಿರಲಿಲ್ಲ. ಒಂದು ದಿನ ಎದ್ದು ನೋಡಿದರೆ ಹಾಸಿಗೆಯ ಪಕ್ಕದಲ್ಲಿ ಬಟ್ಟಲಲ್ಲಿ ಹಾಲು, ಹಾಲಲ್ಲಿ ನೆನೆಸಿದ ರೊಟ್ಟಿಯ ತುಣುಕು, ಪಕ್ಕದಲ್ಲಿ ನೋವಿನ ಗುಳಿಗೆ. ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಮೊದಲ ಇದನ್ನ ತಿನ್ನು. ಪೂಜಿ ಆಮ್ಯಾಲೆ."

"ಅತ್ತಿ, ಪೂಜಿ ಆಗದ..."

"ತಿನ್ನು ಅಂದೆ," ಎಂದು ಗದರಿದರು. ಬುದ್ಧಿ ಬಂದಾಗಿನಿಂದ ಪೂಜೆಗೆ ಮೊದಲು ನೀರು ಮುಟ್ಟದ ಹೆಂಗಸು ಅವರು.

ಆ ವರ್ಷದ ಚಳಿ ಜೋರಿತ್ತು. ಪುಷ್ಯಮಾಸದ ಒಂದು ಬೆಳಿಗ್ಗೆ ಹಾಲು, ನೋವಿನ ಗುಳಿಗೆ, ಬಿಸಿನೀರು ಎಲ್ಲ ಆದರೂ ಬೆರಳುಗಳು ಬಗ್ಗಲಿಲ್ಲ. ಅತ್ತೆಯೂ ನಾನೂ ಎದುರುಬದುರು ಪೂಜೆಗೆ ಕೂತಿದ್ದೆವು. ನಾನು ಪತ್ರಿ ಏರಿಸಲು ಬಾಗಿದೆ, ಎಡಗೈ ತಡೆಯಲಿಲ್ಲ. ಲಿಂಗ ಜಾರಿ ನೆಲಕ್ಕೆ ಬಡಿದು, ಉರುಳಿಕೊಂಡು ಹೋಗಿ ಅತ್ತೆಯ ಮಣೆಗೆ ತಾಗಿ ನಿಂತಿತು.

ಈ ಸಲ ಮುಚ್ಚಿಡಲು ಏನೂ ಇರಲಿಲ್ಲ. ಅತ್ತೆಯ ಮುಖ ಬಿಳಿಚಿಕೊಂಡಿತ್ತು. ಅವರು ತಮ್ಮ ಲಿಂಗವನ್ನು ಕರಡಿಗೆಯಲ್ಲಿಟ್ಟರು. ಬಾಗಿ ನನ್ನದನ್ನು ಎತ್ತಿಕೊಂಡರು, ಎರಡೂ ಕಣ್ಣಿಗೆ ಒತ್ತಿಕೊಂಡರು, ಸೆರಗಿನಿಂದ ಒರೆಸಿದರು. ಆಮೇಲೆ ನನ್ನ ಸೆಟೆದ ಬೆರಳುಗಳನ್ನು ನೋಡಿದರು.

"ಬಿಳಿ ಗುಳಿಗಿ ಬಿಟ್ಟಿಲ್ಲ ಹೌದಿಲ್ಲೋ?" ಎಂದು ಕೇಳಿದರು.

"ಇಲ್ಲರಿ ಅತ್ತಿ. ಒಂದ ದಿನಾನೂ ಬಿಟ್ಟಿಲ್ಲ."

"ಹಂಗಾರ ಆತು," ಎಂದು ಅವರು ಲಿಂಗವನ್ನು ನನ್ನ ಅಂಗೈಯಲ್ಲಿಟ್ಟು, ಪತ್ರಿಯ ಬುಟ್ಟಿಯನ್ನು ನನ್ನ ಹತ್ತಿರಕ್ಕೆ ಸರಿಸಿದರು.